ಒಂದೇ ಚೀಲ, ಎರಡು ಪಯಣ: ಗದಗ ಸೀಮೆಯ ನಡಿಗೆ ತಾಲೀಮಿನ ದಾಖಲೆ

ಫೆಬ್ರವರಿ ಕೊನೆಗೆ ನ್ಯೂಜಿಲೆಂಡಿನಲ್ಲಿ ಮೊದಲ ಸೆಮಿಸ್ಟರ್ ಶುರುವಾಗುತ್ತದೆ. ಗೆಳೆಯರಿಬ್ಬರಲ್ಲಿ ಒಬ್ಬರು ಅಲ್ಲಿಗೆ ಹೋಗುತ್ತಾರೆ, ಇನ್ನೊಬ್ಬರು ಹುಬ್ಬಳ್ಳಿಯಲ್ಲೇ ಉಳಿಯುತ್ತಾರೆ. ಅದಕ್ಕೂ ಮುಂಚೆ ಡಿಸೆಂಬರ್-ಜನವರಿಯ ಚಳಿಯಲ್ಲಿ ಚೀಲ ಹೊತ್ತು ನಾಲ್ಕು ಸುತ್ತು ನಡೆಯುವುದು ಯೋಜನೆ. ಷರತ್ತು ಒಂದೇ. ಬೆನ್ನಿಗೇರುವ 50 ಲೀಟರ್ ಚೀಲವೇ ಮುಂದೆ ವಿಮಾನ ಹತ್ತಬೇಕು, ಬೂಟೂ ಅದೇ ಆಗಬೇಕು. ಹಾಗಾಗಿ ಕೊಳ್ಳುವ ಪ್ರತಿ ಸಾಮಾನಿಗೂ ಮೊದಲು ಕೇಳಿಕೊಳ್ಳುವ ಪ್ರಶ್ನೆ: ಇದು ಹೋಗುವವರ ಚೀಲದ್ದೋ, ಇಲ್ಲಿ ಉಳಿಯುವವರದ್ದೋ?

ಡಿಸೆಂಬರ್ ಮೊದಲ ವಾರ: ತೂಕ

ಚೀಲದ ಭಾರ ಮೈತೂಕದ ಐದನೇ ಒಂದು ಭಾಗ ದಾಟಬಾರದು. 58 ಕಿಲೋ ಇರುವ, ಹೋಗುವವರಿಗೆ ಅದು 11.6 ಕಿಲೋ, 66 ಕಿಲೋ ಇರುವ, ಉಳಿಯುವವರಿಗೆ 13.2. ಹೋಗುವವರ ಚೀಲವನ್ನು ಮೊದಲ ಸಲ ತೂಗಿದಾಗ ಬಂದದ್ದು 15.8 ಕಿಲೋ: ಖಾಲಿ ಚೀಲ 1.7, ಟೆಂಟ್ 2.6, ಸ್ಲೀಪಿಂಗ್ ಬ್ಯಾಗ್ 1.4, ಮ್ಯಾಟ್ 0.5, ಬಟ್ಟೆ 2.6, ಬುತ್ತಿ 1.8, ನೀರು 4, ಉಳಿದ ಚಿಲ್ಲರೆ ಸಾಮಾನು 1.2. ನೀರಿಗೆ ಕೈ ಹಚ್ಚುವಂತಿಲ್ಲ. ಬಯಲುಸೀಮೆಯಲ್ಲಿ ಇಡೀ ದಿನ ನಡೆಯಲು ತಲೆಗೆ 4 ಲೀಟರ್ ಬೇಕೇ ಬೇಕು. ಕತ್ತರಿ ಹಾಕುವುದಾದರೆ ಬಟ್ಟೆಗೆ, ಹಾಸಿಗೆಗೆ, ಟೆಂಟಿಗೆ.

ಇದೇ ಭಾರ ಹೊತ್ತು ಹುಬ್ಬಳ್ಳಿಯ ನೃಪತುಂಗ ಬೆಟ್ಟ ಹತ್ತಿ ಇಳಿಯುವುದು ಮೊದಲ ಸುತ್ತು. ಇಲ್ಲಿ ಸಿಗುವ ಪಾಠವೆಲ್ಲ ಪಟ್ಟಿಯದ್ದು. ಸೊಂಟದ ಪಟ್ಟಿ ಹೊಟ್ಟೆಯ ಮೇಲಲ್ಲ, ಸೊಂಟದ ಎಲುಬಿನ ಮೇಲೆ ಕೂಡಬೇಕು. ಮೊದಲು ಅದನ್ನು ಬಿಗಿದು ಆಮೇಲೆ ಭುಜದ ಪಟ್ಟಿ ಎಳೆಯಬೇಕು. ಕ್ರಮ ಉಲ್ಟಾ ಆದರೆ ಭಾರವೆಲ್ಲ ಭುಜಕ್ಕೇ ಬಿದ್ದು ಅರ್ಧ ತಾಸಿನಲ್ಲಿ ಕುತ್ತಿಗೆ ಹಿಡಿಯುತ್ತದೆ. ಭಾರದ ಸಾಮಾನು ಬೆನ್ನಿಗೆ ಒತ್ತಿ ನಡುಮಟ್ಟದಿಂದ ಮೇಲೆ ಇರಬೇಕು. ಹೊರಮಗ್ಗುಲಿಗೆ ಇಟ್ಟರೆ ಚೀಲ ಹಿಂದಕ್ಕೆ ಜಗ್ಗುತ್ತದೆ. ಪಕ್ಕದ ಕಿಸೆಗಳಲ್ಲಿ ಎಡಕ್ಕೊಂದು, ಬಲಕ್ಕೊಂದು ಲೀಟರ್ ಬಾಟಲಿ ಇದ್ದರೆ ಎರಡರಿಂದಲೂ ಸರದಿಯಂತೆ ಕುಡಿಯಬೇಕು. ಒಂದನ್ನೇ ಖಾಲಿ ಮಾಡಿದರೆ ಚೀಲ ಓರೆಯಾಗುತ್ತದೆ.

ಡಿಸೆಂಬರ್ ಎರಡನೇ ವಾರ: ಗದಗ–ಲಕ್ಕುಂಡಿ, ಒಂದು ದಿನ

ಸುಮಾರು 12 ಕಿ.ಮೀ. ಹುಬ್ಬಳ್ಳಿಯಿಂದ ಗದಗಕ್ಕೆ ಮುಂಜಾನೆಯ ರೈಲು. ಅಲ್ಲಿಂದ ಹೆದ್ದಾರಿಯ ಬಲಮಗ್ಗುಲಲ್ಲಿ, ಎದುರು ಬರುವ ಲಾರಿ ಕಣ್ಣಿಗೆ ಕಾಣುವಂತೆ ನಡಿಗೆ. ಹೊಲದ ನಡುವೆ ಬಂಡಿದಾರಿ ಸಿಕ್ಕರೆ ಅದೇ ಚೊಲೊ. ಆದರೆ ಬೆಳೆಯೊಳಗೆ ಕಾಲಿಡಬಾರದು, ಒಡ್ಡಿನ ಮೇಲಷ್ಟೇ ನಡೆಯಬೇಕು. ಇದು ಮರ್ಯಾದೆಯ ಮಾತೂ ಹೌದು, ಕಾಲಿನ ಮಾತೂ ಹೌದು. ಕುಸುಬಿಯ ಎಲೆಯ ಮುಳ್ಳು ಮೊಣಕಾಲಿನ ಕೆಳಗೆಲ್ಲ ಗೀರುತ್ತದೆ. ಕಡ್ಲಿ ಗಿಡದ ಮೇಲೆ ಬೆಳಗಿನ ಇಬ್ಬನಿಯ ಜೊತೆ ಹುಳಿ ಕೂತಿರುತ್ತದೆ, ಗೀರಿದ ಚರ್ಮಕ್ಕೆ ಅದು ತಾಗಿದರೆ ಉರಿ. ಚಡ್ಡಿ ಬೇಡ, ತೆಳ್ಳಗಿನ ಉದ್ದ ಪ್ಯಾಂಟೇ ಸರಿ.

ಈ ಸುತ್ತಿನಲ್ಲಿ ಸಾಮಾನಿನ ಯಾದಿಯಿಂದ ಒಲೆಯನ್ನು ಕೈಬಿಟ್ಟದ್ದಾಯಿತು. ಗ್ಯಾಸ್ ಡಬ್ಬಿಯನ್ನು ರೈಲಿನಲ್ಲಿ ಒಯ್ಯುವಂತಿಲ್ಲ, ವಿಮಾನದಲ್ಲಂತೂ ಇಲ್ಲವೇ ಇಲ್ಲ. ಒಣಹುಲ್ಲಿನ ಗುಡ್ಡದ ಹತ್ತಿರ ಬೆಂಕಿ ಹಚ್ಚುವುದೇ ತಪ್ಪು. ಅದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ: ಖಡಕ್ ರೊಟ್ಟಿಯ ನಾಡಿನಲ್ಲಿ ಒಲೆ ಹೊರುವ ಅಗತ್ಯವೇ ಇಲ್ಲ.

ಒಬ್ಬರಿಗೆ ಒಂದು ದಿನದ ಬುತ್ತಿ ಹೀಗೆ ನಿಂತಿದೆ: ಖಡಕ್ ಜೋಳದ ರೊಟ್ಟಿ 8, ಶೇಂಗಾ ಚಟ್ನಿಪುಡಿ 60 ಗ್ರಾಂ, ಅವಲಕ್ಕಿ 120 ಗ್ರಾಂ, ಶೇಂಗಾ ಉಂಡಿ 4, ಪುಠಾಣಿ 60 ಗ್ರಾಂ, ಬೆಲ್ಲ 60 ಗ್ರಾಂ, ಒಂದು ಉಳ್ಳಾಗಡ್ಡಿ, ಎರಡು ಹಸಿಮೆಣಸಿನಕಾಯಿ. ಎಲ್ಲ ಸೇರಿ 700 ಗ್ರಾಂ ಆಸುಪಾಸು. ದಪ್ಪ ಅವಲಕ್ಕಿಗೆ ತಣ್ಣೀರಿನಲ್ಲಿ ಹತ್ತು ನಿಮಿಷ ಸಾಕು. ಪೇಪರ್ ಅವಲಕ್ಕಿ ಚೀಲದಲ್ಲಿ ಪುಡಿಯಾಗುತ್ತದೆ. ಚುರಮರಿ ಹಗುರ ಹೌದು, ಆದರೆ ಅರ್ಧ ಚೀಲವನ್ನು ಅದೇ ನುಂಗುತ್ತದೆ. ಸಜ್ಜಿ ರೊಟ್ಟಿ ಬೇಗ ಕನರು ಹಿಡಿಯುತ್ತದೆ, ಎರಡು ದಿನದ ನಡಿಗೆಗೆ ಜೋಳದ್ದೇ ನಂಬಿಗಸ್ಥ. ಗುರೆಳ್ಳು ಚಟ್ನಿ ಎಣ್ಣೆ ಬಿಡುತ್ತದೆ. ಬರೀ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿದರೆ ಬಟ್ಟೆಗೆಲ್ಲ ಕಲೆ, ಅದಕ್ಕೆ ಬಿಗಿ ಮುಚ್ಚಳದ ಸಣ್ಣ ಡಬ್ಬಿಯೇ ಆಗಬೇಕು.

ರೊಟ್ಟಿ ಮುರಿಯುವುದು ಮೊದಲ ಸುತ್ತಿನ ದೊಡ್ಡ ತೊಂದರೆ. ಅಡ್ಡಲಾಗಿ ಪೇರಿಸಿ ಮೇಲೆ ಸಾಮಾನು ಹೇರಿದ್ದರಿಂದ ಹಾಗಾಯಿತು. ಎರಡು ರಟ್ಟಿನ ನಡುವೆ ಇಟ್ಟು, ಅರಿವೆಯಲ್ಲಿ ಸುತ್ತಿ, ದಾರ ಕಟ್ಟಿ, ಬೆನ್ನಿನ ಹಲಗೆಗೆ ಒತ್ತಿ ನೆಟ್ಟಗೆ ನಿಲ್ಲಿಸಿದರೆ ಹದಿನಾರರಲ್ಲಿ ಒಂದೆರಡಷ್ಟೇ ಮುರಿಯುತ್ತವೆ. ಚೂರುಗಳಿಗೆ ಊರಲ್ಲಿ ಮೊಸರು ಸಿಕ್ಕರೆ ಚಟ್ನಿ ಕಲಸಿದಾಗ ಅದೇ ಊಟ.

ಲಕ್ಕುಂಡಿಯಲ್ಲಿ ಕಾಶಿವಿಶ್ವೇಶ್ವರ ಗುಡಿ, ಅತ್ತಿಮಬ್ಬೆ ಕಟ್ಟಿಸಿದ ಬ್ರಹ್ಮಜಿನಾಲಯ, ಮುಸುಕಿನ ಬಾವಿ, ಇವು ಮೂರನ್ನೂ ನೋಡಲು ಮೂರು ತಾಸು ಇಟ್ಟುಕೊಳ್ಳಬೇಕು. ಬೂಟಿನೊಳಗೆ ಊದಿದ ಕಾಲಿಗೂ ಅಷ್ಟು ಹೊತ್ತಿನ ವಿಶ್ರಾಂತಿ ಬೇಕು. ಮರಳುವುದು ಬಸ್ಸಿನಲ್ಲಿ.

ಡಿಸೆಂಬರ್ ಕೊನೆ: ಗದಗ–ಡಂಬಳ, ಎರಡು ದಿನ

ಇದು 20 ಕಿ.ಮೀ. ಮೇಲಿನ ದಾರಿ, ರಾತ್ರಿ ತಂಗುವ ಮೊದಲ ತಾಲೀಮು. ಟೆಂಟ್ ಮನೆಯಲ್ಲೇ ಉಳಿಯಿತು. ಮುಂಚಿತವಾಗಿ ಕೇಳಿಕೊಂಡರೆ ಮಠದ ಅಥವಾ ಗುಡಿಯ ಪಡಸಾಲೆಯಲ್ಲಿ ಮಲಗಲು ಜಾಗ ಸಿಗುತ್ತದೆ. ಕೇಳದೆ ಹಾಸಿಗೆ ಬಿಚ್ಚಬಾರದು, ಬೆಳಿಗ್ಗೆ ಕಸ ಹೊಡೆದೇ ಹೊರಡಬೇಕು. ಸ್ಲೀಪಿಂಗ್ ಬ್ಯಾಗಿನ ಬದಲು ಹಾಸಲೊಂದು ಹಾಳೆ, ಹೊದೆಯಲೊಂದು ಚಾದರ, ಎರಡೂ ಸೇರಿ 0.9 ಕಿಲೋ. ಚಳಿ ತಡೆಯುವುದು ಮ್ಯಾಟ್, ಚಾದರವಲ್ಲ. ಕಲ್ಲಿನ ನೆಲ ಮೈಯ ಶಾಖವನ್ನು ಕೆಳಗಿನಿಂದ ಎಳೆಯುತ್ತದೆ, ಹಾಗಾಗಿ ಅರ್ಧ ಕಿಲೋ ಮ್ಯಾಟ್ ಬಿಡಬಾರದು. ಇಬ್ಬರಿಗೂ ಆಗುವ ಸೊಳ್ಳೆಪರದೆ 0.6 ಕಿಲೋ, ಅದು ಉಳಿಯುವವರ ಚೀಲಕ್ಕೆ.

ನೀರಿನ ವಿಷಯದಲ್ಲಿ ಹೆಚ್ಚು ಜಾಗ್ರತೆ ಬೇಕು. ಡಂಬಳ ಇರುವ ಮುಂಡರಗಿ ತಾಲೂಕಿನ ಬೋರ್‌ವೆಲ್ ನೀರಿನಲ್ಲಿ ಹಲ್ಲು, ಎಲುಬು ಕೆಡಿಸುವ ಫ್ಲೋರೈಡ್ ಇದೆ. ಕುದಿಸಿದರೆ ರೋಗಾಣು ಸಾಯುತ್ತವೆ, ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅದು ದಟ್ಟವಾಗುತ್ತದೆ. ಕ್ಲೋರಿನ್ ಗುಳಿಗೆಯಿಂದಲೂ ಅದು ಕದಲುವುದಿಲ್ಲ. ಊರಿನ ಶುದ್ಧ ಕುಡಿಯುವ ನೀರಿನ ಘಟಕದಲ್ಲೇ ತುಂಬಿಕೊಳ್ಳಬೇಕು. ಅವು ನಾಣ್ಯ ಹಾಕಿದರೆ ನಡೆಯುವಂಥವು, ನೀರು ರಭಸದಿಂದ ಕೊಡಕ್ಕೆ ಬೀಳುತ್ತದೆ. ಸಣ್ಣ ಬಾಯಿಯ ಬಾಟಲಿ ಹಿಡಿದರೆ ಮುಕ್ಕಾಲು ಪಾಲು ನೆಲಕ್ಕೆ ಹೋಗುತ್ತದೆ. ಕೊಡ ತುಂಬಲು ಬಂದವರ ಹಿಂದೆ ನಿಂತು ಕೇಳಿದರೆ ಬಾಟಲಿಗೆ ಬಗ್ಗಿಸಿ ಕೊಡುತ್ತಾರೆ. ಕರೆಂಟ್ ಇಲ್ಲದ ಹೊತ್ತಿನಲ್ಲಿ ಘಟಕ ನಿಲ್ಲುತ್ತದೆ. ಆದ್ದರಿಂದ ಊರು ಮುಟ್ಟಿದ ಕೂಡಲೇ ಮೊದಲ ಕೆಲಸ ನೀರು, ಚಹಾ ಆಮೇಲೆ.

ಬೆವರು ಹೆಚ್ಚಾಗಿ ತಲೆ ಸಿಡಿಯತೊಡಗಿದರೆ ಒಂದು ಲೀಟರ್ ನೀರಿಗೆ ಮಟ್ಟಸವಾಗಿ 6 ಚಹಾಚಮಚ ಸಕ್ಕರೆ, ಅರ್ಧ ಚಹಾಚಮಚ ಉಪ್ಪು. ಉಪ್ಪು ಅಂದಾಜಿನಲ್ಲಿ ಸುರಿಯಬಾರದು. ಮನೆಯಲ್ಲೇ ಅಳೆದು ಪೊಟ್ಟಣ ಕಟ್ಟಿಡುವುದು ಸರಿ.

ಡಂಬಳದ ದೊಡ್ಡಬಸಪ್ಪ ಗುಡಿಯ ತಳವಿನ್ಯಾಸ ನಕ್ಷತ್ರದ ಹಾಗೆ, 24 ಮೂಲೆಯದ್ದು. ಸುತ್ತು ಹಾಕುತ್ತ ಒಂದೊಂದೇ ಮೂಲೆ ಎಣಿಸಿ ನೋಡಬೇಕಾದ ಗುಡಿ.

ಜನವರಿ ಎರಡನೇ ವಾರ: ಕಪ್ಪತಗುಡ್ಡ

2019ರಲ್ಲಿ ವನ್ಯಜೀವಿ ಧಾಮವಾಗಿ ಘೋಷಣೆಯಾದ ಗುಡ್ಡಸಾಲು ಇದು. ಔಷಧಿ ಸಸ್ಯಗಳಿಗೆ ಹೆಸರಾದದ್ದು. ಅರಣ್ಯ ಇಲಾಖೆಯ ಅನುಮತಿ ಪಡೆದೇ ಹೋಗಬೇಕು, ಒಳಗೆ ರಾತ್ರಿ ಕಳೆಯುವ ಲೆಕ್ಕ ಇಟ್ಟುಕೊಳ್ಳಬಾರದು. ಚಿರತೆ, ಕತ್ತೆಕಿರುಬ, ತೋಳ ಇರುವ ಜಾಗ. ಸಂಜೆ ಐದಕ್ಕೆ ಬುಡದಲ್ಲಿರುವಂತೆ ಸಮಯ ಹೊಂದಿಸಬೇಕು. ಒಂದು ಎಲೆಯನ್ನೂ ಕೀಳಬಾರದು.

ಹತ್ತುವುದಕ್ಕಿಂತ ಇಳಿಯುವುದು ಕಷ್ಟ. ಕೆಂಪುಮಣ್ಣಿನ ಮೇಲೆ ಸಡಿಲ ಹರಳು, ಬೂಟಿನಡಿ ಉರುಳುತ್ತದೆ. ಇಳಿಯುವ ಮುನ್ನ ಲೇಸ್ ಬಿಚ್ಚಿ, ಹಿಮ್ಮಡಿಯನ್ನು ಹಿಂದಕ್ಕೆ ಒತ್ತಿ, ಪಾದದ ಗಂಟಿನ ಹತ್ತಿರ ಬಿಗಿಯಾಗಿ ಕಟ್ಟಬೇಕು. ಇಲ್ಲವಾದರೆ ಬೆರಳು ಮುಂದಕ್ಕೆ ಗುದ್ದಿ ಉಗುರು ಕಪ್ಪಾಗುತ್ತದೆ. ಕಾಲಲ್ಲಿ ಬಿಸಿ ಅನ್ನಿಸಿದ ಕ್ಷಣವೇ ನಿಂತು ಟೇಪ್ ಹಚ್ಚಬೇಕು. ಗುಳ್ಳೆ ಎದ್ದ ಮೇಲೆ ಹಚ್ಚುವ ಟೇಪು ಕೀಳುವಾಗ ಚರ್ಮವನ್ನೇ ತರುತ್ತದೆ. ಗಾಳಿಯಂತ್ರಗಳ ನಾಡು, ಟೋಪಿಗೆ ಗದ್ದದ ದಾರ ಇರಲಿ. ಬೆವರು ಗಾಳಿಗೆ ಆರಿಹೋಗಿ ಬಾಯಾರಿಕೆ ತಿಳಿಯುವುದೇ ಇಲ್ಲ, ಅರ್ಧ ತಾಸಿಗೊಮ್ಮೆ ಗಡಿಯಾರ ನೋಡಿ ನಾಲ್ಕು ಗುಟುಕು ಕುಡಿಯಬೇಕು.

ಕೊನೆಯ ತೂಕ: ಹೋಗುವವರದ್ದು 10.7 ಕಿಲೋ, ಉಳಿಯುವವರದ್ದು 11.8. ಬುತ್ತಿ ಕರಗಿದ ಹಾಗೆ ಭಾರ ಇಳಿಯುತ್ತದೆ. ಒಬ್ಬರ ಬುತ್ತಿಯೇ ಮೊದಲು ಖಾಲಿಯಾದರೆ ಇನ್ನೊಬ್ಬರ ಬೆನ್ನು ಸೋಲುತ್ತದೆ, ಅದಕ್ಕೆ ಊಟ ಸರದಿಯ ಮೇಲೆ ಎರಡೂ ಚೀಲದಿಂದ.

ಜನವರಿ ಕೊನೆ: ಮಣ್ಣು, ಬೀಜ

ಕಪ್ಪತಗುಡ್ಡದ ಒಣಹುಲ್ಲಿನಲ್ಲಿ ಸೂಜಿಯಂಥ ಬೀಜಗಳಿವೆ. ಕಾಲುಚೀಲ, ಲೇಸ್, ವೆಲ್ಕ್ರೊ ಪಟ್ಟಿ, ಎಲ್ಲೆಂದರಲ್ಲಿ ಚುಚ್ಚಿಕೊಂಡು ಕೂಡುತ್ತವೆ. ನ್ಯೂಜಿಲೆಂಡ್ ತನ್ನ ಹೊಲ, ಕಾಡನ್ನು ಹೊರಗಿನ ಬೀಜ, ರೋಗದಿಂದ ಕಾಯಲು ಬಳಸಿದ ಬೂಟು, ಟೆಂಟು, ನಡಿಗೆ ಸಾಮಾನನ್ನೆಲ್ಲ ಘೋಷಿಸಲು ಹೇಳುತ್ತದೆ. ತಿನ್ನುವ ಯಾವ ಪದಾರ್ಥವಾದರೂ ಅಷ್ಟೇ. ಘೋಷಿಸದೆ ಸಿಕ್ಕಿಬಿದ್ದರೆ ಸ್ಥಳದಲ್ಲೇ 400 ನ್ಯೂಜಿಲೆಂಡ್ ಡಾಲರ್ ದಂಡ. ಪ್ರವೇಶದ ಘೋಷಣೆಯನ್ನು ಆನ್‌ಲೈನಿನಲ್ಲಿ ತುಂಬಬಹುದು, ಅದಕ್ಕೆ ಶುಲ್ಕವಿಲ್ಲ.

ಬೂಟು ತೊಳೆಯುವ ಕ್ರಮ: ಮೊದಲು ಪೂರ್ತಿ ಒಣಗಿಸಿ ಒಣ ಬ್ರಶ್ಶಿನಿಂದ ಉಜ್ಜುವುದು. ಹಸಿ ಎರಿಮಣ್ಣನ್ನು ತಿಕ್ಕಿದರೆ ಹೊಲಿಗೆಯೊಳಗೆ ಇನ್ನಷ್ಟು ಸೇರುತ್ತದೆ. ಲೇಸ್, ಒಳಹಾಸು ತೆಗೆಯುವುದು. ಅಟ್ಟೆಯ ಸಂದಿಗಳನ್ನು ಮೊಳೆಯಿಂದ ಕೆದರಿ, ಹಳೆಯ ಹಲ್ಲುಜ್ಜುವ ಬ್ರಶ್ ಮತ್ತು ಸಾಬೂನು ನೀರಿನಿಂದ ತಿಕ್ಕುವುದು. ಆಮೇಲೆ ನೆರಳಲ್ಲಿ ಎರಡು ದಿನ. ಬಿಸಿಲಿಗೆ ಇಟ್ಟರೆ ಅಂಟು ಬಿಡುತ್ತದೆ. ವೆಲ್ಕ್ರೊಗೆ ಸಣ್ಣ ಹಲ್ಲಿನ ಬಾಚಣಿಗೆ ಒಳ್ಳೆಯದು. ಚೀಲವನ್ನು ಒಳಹೊರಗು ಮಾಡಿ ಕೊಡವಿ, ಕಿಸೆಯ ಮೂಲೆಗಳನ್ನು ಬೆರಳಿನಿಂದ ತಡವಿ ನೋಡಬೇಕು. ಪುಠಾಣಿ ಚೂರು ಸಿಗುವುದು ಅಲ್ಲೇ. ಬೀಜ ಚುಚ್ಚಿದ ಕಾಲುಚೀಲ ಎಷ್ಟು ತೊಳೆದರೂ ಪೂರ್ತಿ ಸ್ವಚ್ಛ ಆಗುವುದಿಲ್ಲ, ಅವು ಹುಬ್ಬಳ್ಳಿಯಲ್ಲೇ ಉಳಿಯಲಿ. ಬೂಟನ್ನು ಬೇರೆ ಚೀಲದಲ್ಲಿ ಹಾಕಿ ಲಗೇಜಿನ ಮೇಲ್ಭಾಗದಲ್ಲೇ ಇಡಬೇಕು, ತಪಾಸಣೆಯವರು ಕೇಳಿದ ಕೂಡಲೇ ಕೈಗೆ ಸಿಗುವ ಹಾಗೆ.

ಧಾರವಾಡ ಪೇಡೆ ಹಾಲಿನದ್ದು, ಅದನ್ನು ಇಲ್ಲೇ ತಿಂದು ಹೋಗುವುದು ಕ್ಷೇಮ. ಜೇನನ್ನಂತೂ ಒಯ್ಯುವಂತಿಲ್ಲ. ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಬೇಕು. 20,000 ಎಂಎಎಚ್‌ನದ್ದು 74 ವ್ಯಾಟ್-ಅವರ್ ಆಗುತ್ತದೆ, 100ರ ಮಿತಿಯೊಳಗೆ. ಟೆಂಟ್, ಸೊಳ್ಳೆಪರದೆ ಎರಡೂ ಉಳಿಯುವವರ ಪಾಲು. ನ್ಯೂಜಿಲೆಂಡಿನ ಸಂರಕ್ಷಣಾ ಇಲಾಖೆ ನಡಿಗೆ ದಾರಿಗಳಲ್ಲಿ 950ಕ್ಕೂ ಹೆಚ್ಚು ಗುಡಿಸಲು ನಡೆಸುತ್ತದೆ, ಟೆಂಟ್ ಹೊತ್ತೊಯ್ಯುವುದಕ್ಕೆ ಅರ್ಥವಿಲ್ಲ.

ಬಾಕಿ ಇರುವುದು: ಎಡ ಬೂಟಿನ ಅಟ್ಟೆ ತುದಿಯಲ್ಲಿ ಕೂದಲೆಳೆಯಷ್ಟು ಬಿಟ್ಟಿದೆ. ಅಂಟು ಹಚ್ಚಿ ಒಂದು ಇಡೀ ದಿನ ಭಾರ ಹೇರಿಟ್ಟು, ಮತ್ತೊಮ್ಮೆ ನೃಪತುಂಗ ಬೆಟ್ಟ ಹತ್ತಿಸಿ ನೋಡಬೇಕು. ಆಮೇಲೆ ಮತ್ತೊಮ್ಮೆ ತೊಳೆಯಬೇಕು.