ಇಷ್ಟು ಕಷ್ಟದಲ್ಲೂ ಹೇಗೆ ಹಾಡ್ತೀರಿ?

"ಅಕ್ಕ, ಮನೆಯಲ್ಲಿ ಇಷ್ಟೆಲ್ಲ ಇದ್ದರೂ ಭಾನುವಾರ ಬಂದು ಹಾಡ್ತೀರಲ್ಲ, ಹೇಗೆ?" ನನ್ನ ಗಂಡನಿಗೆ ಸ್ಟ್ರೋಕ್ ಆಗಿ ಎರಡು ವರ್ಷವಾಯಿತು. ಅಂದಿನಿಂದ ನಮ್ಮ ಚರ್ಚ್ ಸಭೆಯಲ್ಲಿ ಈ ಪ್ರಶ್ನೆ ಕೇಳದವರೇ ಕಡಿಮೆ. ನನ್ನ ವಿಶ್ವಾಸ ದೊಡ್ಡದು ಅಂತ ಕೆಲವರು ಅಂದುಕೊಂಡಿದ್ದಾರೆ. ಹಾಗೇನಿಲ್ಲ.

ಮೊದಮೊದಲು ಹಾಡು ಬಾಯಿಗೇ ಬರುತ್ತಿರಲಿಲ್ಲ. ಪ್ರಾರ್ಥನೆಗೆ ಕೂತರೆ ಸಿಟ್ಟು. ಆ ಸಿಟ್ಟನ್ನು ದೇವರ ಮುಂದೆ ಮುಚ್ಚಿಡಬೇಕು ಅಂತ ತಿಳಿದಿದ್ದೆ. ಒಂದು ರಾತ್ರಿ ಬೈಬಲಿನ 13ನೇ ಕೀರ್ತನೆ ತೆಗೆದೆ. ಆರೇ ವಚನ. ಮೊದಲೆರಡರಲ್ಲೇ ರಾಜ ದಾವೀದ "ಇನ್ನೆಷ್ಟರವರೆಗೆ?" ಅಂತ ನಾಲ್ಕು ಸಲ ಕೇಳುತ್ತಾನೆ. ನನ್ನನ್ನು ಮರೆತುಬಿಟ್ಟೆಯಾ ಅಂತ ನೇರವಾಗಿ ಕೇಳುತ್ತಾನೆ. ಇದು ಮೂಲೆಯಲ್ಲಿ ಕೂತು ಗೊಣಗಿದ್ದಲ್ಲ. ತಲೆಬರಹದಲ್ಲೇ ಪ್ರಧಾನಗಾಯಕನ ಉಲ್ಲೇಖವಿದೆ. ಅಂದರೆ ಜನ ಸೇರಿದಾಗ ಹಾಡಲು ಇಟ್ಟ ಹಾಡು! ಅಂದು ಎಷ್ಟು ಅತ್ತೆನೋ.

13ನೇ ಕೀರ್ತನೆ ಕೊನೆಗೆ ಭರವಸೆಯ ಕಡೆ ತಿರುಗುತ್ತದೆ. 88ನೇ ಕೀರ್ತನೆ ಅದನ್ನೂ ಮಾಡುವುದಿಲ್ಲ, ಕತ್ತಲಲ್ಲೇ ಮುಗಿಯುತ್ತದೆ. ಆದರೆ ದೇವರ ಜೊತೆ ಮಾತು ಮಾತ್ರ ಬಿಡುವುದಿಲ್ಲ. ನನ್ನ ಪಾಲಿಗೆ ಅದೂ ಆರಾಧನೆಯೇ.

ನಾನು ರೈತರ ಮನೆಯವಳು. ಅದಕ್ಕೇ ಇರಬೇಕು, ಬೈಬಲಿನಲ್ಲಿ ಪ್ರವಾದಿ ಹಬಕ್ಕೂಕನ ಪುಸ್ತಕದ 3ನೇ ಅಧ್ಯಾಯ ನನಗೆ ಜಾಸ್ತಿ ಹತ್ತಿರ. ಅಂಜೂರ ಚಿಗುರದಿದ್ದರೂ, ದ್ರಾಕ್ಷಿ ಹಣ್ಣು ಬಿಡದಿದ್ದರೂ, ಎಣ್ಣೆಮರ (ಆಲಿವ್) ಕೈಕೊಟ್ಟರೂ, ಹೊಲ ಬೆಳೆಯದಿದ್ದರೂ, ಹಟ್ಟಿಯಲ್ಲಿ ಕುರಿ ಇಲ್ಲದಿದ್ದರೂ, ಕೊಟ್ಟಿಗೆಯಲ್ಲಿ ದನ ಇಲ್ಲದಿದ್ದರೂ ಅನ್ನುತ್ತಾನೆ. ಒಂದು ಮನೆಯ ಅನ್ನವೆಲ್ಲ ಇಷ್ಟರಲ್ಲಿ ಹೋಯಿತು, ಅಲ್ವಾ? ಒಂದನ್ನೂ ಬಿಡದೆ ಎಣಿಸಿದ ಮೇಲೆಯೇ ಅವನು ಯೆಹೋವನಲ್ಲಿ ಸಂತೋಷಪಡುತ್ತೇನೆ ಅನ್ನುವುದು. ನಾವು ಎಣಿಸುವುದನ್ನು ಬಿಟ್ಟು ನೇರ ಸಂತೋಷಕ್ಕೆ ಓಡುತ್ತೇವೆ. ನೊಂದವರಿಗೂ ಹಾಗೇ ಮಾಡು ಅನ್ನುತ್ತೇವೆ. ಅದು ತಪ್ಪು.

ಈಗ ನಾನೂ ರಾತ್ರಿ ಎಣಿಸುತ್ತೇನೆ. ಇವರ ಬಲಗೈ ಇನ್ನೂ ಲೋಟ ಹಿಡಿಯುವುದಿಲ್ಲ, ದೇವರೇ. ಫಿಸಿಯೋಥೆರಪಿಗೆ ಈ ತಿಂಗಳು ದುಡ್ಡಿಲ್ಲ. ನನಗೆ ಸಾಕಾಗಿದೆ. ಎಲ್ಲ ಹೇಳಿ ಮುಗಿಸಿದ ಮೇಲೆ ಇವರ ಮಂಚದ ಪಕ್ಕ ಕೂತು ಒಂದು ಚರಣ ಹಾಡುತ್ತೇನೆ. ಆಗ ಹಾಡು ಸುಳ್ಳು ಅನ್ನಿಸುವುದಿಲ್ಲ.

ಎಲ್ಲ ಭಾನುವಾರವೂ ಹಾಡುತ್ತೇನೆ ಅಂತಲ್ಲ. ಕೆಲವು ಸಲ ಪುಸ್ತಕ ಹಿಡಿದು ಸುಮ್ನೆ ನಿಂತಿರುತ್ತೇನೆ. ಪಕ್ಕದಲ್ಲಿ ನಿಲ್ಲುವ ಅಜ್ಜಿ ಅದನ್ನು ಗಮನಿಸಿದರೆ ಏನೂ ಕೇಳುವುದಿಲ್ಲ. ತಾವೇ ಸ್ವಲ್ಪ ಜೋರಾಗಿ ಹಾಡುತ್ತಾರೆ.