ಮೊದಲು ಅಂಚು, ಆಮೇಲೆ ಗ್ರೇಡು

ಲಂಡನ್ನಿನ ಹರಾಜು ಸಂಸ್ಥೆಯೊಂದರಲ್ಲಿ ಹಳೆಯ ಬ್ರಿಟಿಷ್ ನಾಣ್ಯ ಮತ್ತು ಟೋಕನ್‌ಗಳ (ಚಿಲ್ಲರೆಯ ಬದಲಿಗೆ ಖಾಸಗಿಯವರು ಹೊರಡಿಸಿದ ನಾಣ್ಯದಂಥ ಬಿಲ್ಲೆಗಳ) ವಿವರ ಬರೆಯುವುದು ನನ್ನ ಕೆಲಸ. ಪ್ರತಿಯೊಂದನ್ನೂ ತೂಗಿ, ಗುರುತು ಹಿಡಿದು, ಎಷ್ಟು ಸವೆದಿದೆ ಎಂದು ನೋಡಿ ಕ್ಯಾಟಲಾಗಿಗೆ ನಾಲ್ಕು ಸಾಲು ಬರೆಯಬೇಕು. ಆ ನಾಲ್ಕು ಸಾಲನ್ನು ನಂಬಿ ಎಲ್ಲೋ ಕೂತವರು ದುಡ್ಡು ಹಾಕುತ್ತಾರೆ. ಹೊಸದಾಗಿ ಸೇರಿದವರು ನಾಣ್ಯ ಕೈಗೆ ಬಂದ ತಕ್ಷಣ ರಾಜನ ಮುಖ ನೋಡಿ ‘ವೆರಿ ಫೈನ್’ ಎಂದು ಗ್ರೇಡು, ಅಂದರೆ ಸವೆತದ ದರ್ಜೆ, ಹಾಕಿಬಿಡುತ್ತಾರೆ. ನಾನು ಅವರಿಗೆ ಹೇಳುವುದಿಷ್ಟೇ: ಮುಖ ಆಮೇಲೆ ನೋಡೋಣ, ಮೊದಲು ಅಂಚು ತಿರುಗಿಸಿ ನೋಡಿ.

ಇದಕ್ಕೆ ಕಾರಣ ಟೋಕನ್‌ಗಳು ಹುಟ್ಟಿದ ಬಗೆಯಲ್ಲೇ ಇದೆ. 1775ರ ನಂತರ ಸುಮಾರು ಎರಡು ದಶಕ ಲಂಡನ್ನಿನ ಟಂಕಸಾಲೆ ತಾಮ್ರದ ನಾಣ್ಯ ಅಚ್ಚು ಹಾಕುವುದನ್ನೇ ಬಿಟ್ಟಿತ್ತು. ಅತ್ತ ಗಣಿ, ಕಾರ್ಖಾನೆಗಳಲ್ಲಿ ಕೂಲಿಯವರು ಹೆಚ್ಚುತ್ತಿದ್ದರು. ಕೂಲಿ ಬಟವಾಡೆಗೆ ಚಿಲ್ಲರೆ ಸಿಗದು, ಪೇಟೆಯಲ್ಲಿ ಓಡಾಡುತ್ತಿದ್ದ ಅರ್ಧ ಪೆನ್ನಿಗಳಲ್ಲಿ ಖೋಟಾ ಸರಕೇ ಜಾಸ್ತಿ. ಕೊನೆಗೆ 1787ರಲ್ಲಿ ವೇಲ್ಸ್‌ನ ಆಂಗಲ್ಸೀ ದ್ವೀಪದ ಪ್ಯಾರಿಸ್ ಬೆಟ್ಟದಲ್ಲಿ ತಾಮ್ರ ತೆಗೆಯುತ್ತಿದ್ದ ಗಣಿ ಕಂಪನಿ ತನ್ನದೇ ಪೆನ್ನಿ ಹೊರಡಿಸಿತು. ಒಂದು ಬದಿಯಲ್ಲಿ ಓಕ್ ಎಲೆಗಳ ಮಾಲೆಯ ನಡುವೆ ಮುಸುಕು ಹೊದ್ದ ಡ್ರುಯಿಡ್ ಪುರೋಹಿತನ ತಲೆ. ಇನ್ನೊಂದು ಬದಿಯಲ್ಲಿ ಕಂಪನಿಯ ಮೊದಲಕ್ಷರಗಳು, ಸುತ್ತಲೂ ‘ಇದನ್ನು ತಂದವರಿಗೆ ಒಂದು ಪೆನ್ನಿ ಕೊಡುತ್ತೇವೆ’ ಎಂಬ ವಾಗ್ದಾನ. ಎಲ್ಲಿ ಕೊಡುತ್ತಾರೆ? ಅದು ಎರಡೂ ಬದಿಯಲ್ಲಿಲ್ಲ. ಅಂಚಿನಲ್ಲಿದೆ: ಕೇಳಿದಾಗ, ಲಂಡನ್, ಲಿವರ್‌ಪೂಲ್ ಇಲ್ಲವೇ ಆಂಗಲ್ಸೀಯಲ್ಲಿ. ಹಿಂಬದಿಯಲ್ಲಿ ಶುರುವಾದ ವಾಕ್ಯ ಅಂಚಿನಲ್ಲಿ ಮುಗಿಯುತ್ತದೆ. ಹಣದ ಮೇಲಿನ ಬರವಣಿಗೆಯಲ್ಲಿ ಇದಕ್ಕಿಂತ ಚೆಂದದ್ದನ್ನು ನಾನು ಕಂಡಿಲ್ಲ.

ಅದೇ ವರ್ಷ ಕಬ್ಬಿಣದ ಕಾರ್ಖಾನೆಗಳ ಒಡೆಯ ಜಾನ್ ವಿಲ್ಕಿನ್ಸನ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದ. ರಾಜನ ಮುಖವಿರಬೇಕಾದ ಕಡೆ ತನ್ನದೇ ಮುಖ ಹಾಕಿಸಿದ. ಅವನ ಕಾರ್ಖಾನೆಗಳಿದ್ದ ಊರುಗಳಾದ ಬರ್ಶಮ್, ಬ್ರಾಡ್ಲಿ, ವಿಲ್ಲಿ, ಸ್ನೆಡ್ಸ್‌ಹಿಲ್ ಅಂಚಿನಲ್ಲಿ ಸಾಲಾಗಿ ನಿಂತವು.

ಕೆಲವೇ ವರ್ಷಗಳಲ್ಲಿ ಇವನ್ನು ಕೂಡಿಡುವ ಹುಚ್ಚು ಹಬ್ಬಿತು. ವಿಜ್ಞಾನಿ ಜೋಸೆಫ್ ಬ್ಯಾಂಕ್ಸ್‌ನ ತಂಗಿ ಸಾರಾ ಸೋಫಿಯಾ ಬ್ಯಾಂಕ್ಸ್ ಕೂಡ ಟೋಕನ್‌ಗಳನ್ನು ಶ್ರದ್ಧೆಯಿಂದ ಸಂಗ್ರಹಿಸಿದವಳು. ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ಅವಳ ಸಂಗ್ರಹವಿದೆ. ಕೊಳ್ಳುವವರಿದ್ದಾರೆ ಎಂದಾದ ಮೇಲೆ ತಯಾರಕರು ಸುಮ್ಮನಿರುತ್ತಾರೆಯೇ? ಒಂದು ಟೋಕನ್‌ನ ಮುಂಬದಿಯ ಅಚ್ಚಿಗೆ ಇನ್ನೊಂದರ ಹಿಂಬದಿಯ ಅಚ್ಚು ಸೇರಿಸಿ ‘ಅಪರೂಪದ’ ತಳಿಗಳನ್ನು ಹೊರತಂದರು. ಅಂಥವುಗಳಲ್ಲಿ ಅಂಚು ಎಷ್ಟೋ ಸಲ ಬೋಳಾಗಿರುತ್ತದೆ, ಇಲ್ಲವೇ ಬದಿಗಳಿಗೆ ಸಂಬಂಧವೇ ಇಲ್ಲದ ಬೇರೊಂದು ಊರಿನ ಹೆಸರು ಹೊತ್ತಿರುತ್ತದೆ. ಬೋಳಂಚಿನದೆಲ್ಲ ಸಂಗ್ರಾಹಕರಿಗಾಗಿಯೇ ಮಾಡಿದ್ದು ಎನ್ನಲು ಬರುವುದಿಲ್ಲ. ಆದರೆ ಅಂಚು ನೋಡದೆ ಈ ಪ್ರಶ್ನೆ ಕೇಳಲೂ ಬರುವುದಿಲ್ಲ. 1910ರಿಂದ 1918ರವರೆಗೆ ಕಂತುಗಳಲ್ಲಿ ಹೊರಬಂದ ಡಾಲ್ಟನ್ ಮತ್ತು ಹ್ಯಾಮರ್ ಪಟ್ಟಿಯೇ ಇವತ್ತಿಗೂ ನಮಗೆ ಆಧಾರ. ಮುಖಗಳೆರಡೂ ಒಂದೇ ಆಗಿದ್ದರೂ ಅಂಚು ಬೇರೆಯಾದರೆ ಅದರಲ್ಲಿ ಬೇರೆ ನಮೂದು. ಬೆಲೆಯೂ ಅದರಂತೆ ಏರುತ್ತದೆ, ಇಳಿಯುತ್ತದೆ.

ಖೋಟಾ ಸಿಕ್ಕಿಬೀಳುವುದೂ ಹೆಚ್ಚಾಗಿ ಅಲ್ಲೇ. ಎರಕ ಹೊಯ್ದದ್ದಾದರೆ ಅಂಚಿನ ಸುತ್ತ ತೆಳ್ಳನೆಯ ಹೊಲಿಗೆಯಂಥ ಗೆರೆ ಉಳಿದಿರುತ್ತದೆ, ಅಥವಾ ಅದನ್ನು ಅರದಲ್ಲಿ ಉಜ್ಜಿ ಅಳಿಸಿದ ಗುರುತು. ಎರಡು ತೆಳು ಚಿಪ್ಪುಗಳನ್ನು ಕೂಡಿಸಿ ಮಾಡಿದ ನಕಲುಗಳಲ್ಲೂ ಬೆಸುಗೆ ಅಂಚಿನಲ್ಲೇ ಇರುತ್ತದೆ. ಚಿನ್ನದ ಸಾವರಿನ್‌ಗಳ ಕಥೆ ಬೇರೆ. ನಮ್ಮ ಕಡೆ ಅವನ್ನು ಸರಕ್ಕೆ, ಪದಕಕ್ಕೆ ಪೋಣಿಸುವುದು ಹಿಂದಿನಿಂದ ಬಂದದ್ದು. ಬೊಂಬಾಯಿಯಲ್ಲೇ 1918ರಲ್ಲಿ ಸಾವರಿನ್ ಅಚ್ಚಾಗಿದ್ದವು; ಹಿಂಬದಿಯ ಚಿತ್ರದಲ್ಲಿ ಇಸವಿಯ ಮೇಲಿನ ನೆಲದ ಗೆರೆಯಲ್ಲಿ ಇಂಗ್ಲಿಷಿನ ಪುಟ್ಟದೊಂದು ‘ಐ’ ಅಕ್ಷರ ಅದರ ಗುರುತು. ಕೊಂಡಿ ತೆಗೆದು ಪಾಲಿಶ್ ಮಾಡಿದರೂ ರಾಜನ ತಲೆಯ ನೇರಕ್ಕೆ ಅಂಚಿನ ಗೀರುಗಳು ಅಲ್ಲಷ್ಟೇ ಮಸುಕಾಗಿರುತ್ತವೆ. ಮುಖ ಎಷ್ಟೇ ಹೊಸದಾಗಿ ಕಂಡರೂ ಆಗ ‘ಕೊಂಡಿ ಹಾಕಿದ್ದ ಗುರುತಿದೆ’ ಎಂದು ನಾನು ಬರೆಯಲೇಬೇಕು.

ಹಾಗಾಗಿ ಗ್ರೇಡು ಕೊಡುವ ಕಂಪನಿಗಳು ನಾಣ್ಯವನ್ನು ಒಳಗಿಟ್ಟು, ಗ್ರೇಡು ಬರೆದು ಮುಚ್ಚಿದ ಪ್ಲಾಸ್ಟಿಕ್ ಡಬ್ಬಿಗಳ ಬಗ್ಗೆ ನನಗೆ ತಕರಾರಿದೆ. ಅವುಗಳ ಮೇಲಿರುವ 1ರಿಂದ 70ರವರೆಗಿನ ಅಂಕ 1949ರಲ್ಲಿ ವಿಲಿಯಂ ಶೆಲ್ಡನ್ ಅಮೆರಿಕದ ದೊಡ್ಡ ತಾಮ್ರದ ಸೆಂಟ್‌ಗಳಿಗಾಗಿ ಮಾಡಿದ ಅಳತೆಯಿಂದ ಬಂದದ್ದು. ಯಂತ್ರದಿಂದ ಒಂದೇ ಸಮ ಹೊರಬಂದ ಸಾವರಿನ್‌ಗೆ ಅದು ಹೊಂದಬಹುದು. ವಾಗ್ದಾನವನ್ನೇ ಅಂಚಿನಲ್ಲಿ ಹೊತ್ತ ಟೋಕನ್ನನ್ನು ಅಂಚು ಕಾಣದ ಹಳೆಯ ಡಬ್ಬಿಯಲ್ಲಿ ಹಾಕಿ ಅಂಕ ಕೊಟ್ಟರೆ, ಓದಬೇಕಾದ ಅರ್ಧವನ್ನು ಮುಚ್ಚಿಟ್ಟಂತೆಯೇ.

ಅಂಚು, ತೂಕ, ಅಚ್ಚು ಎಲ್ಲ ತಿಳಿದ ಮೇಲೆ ಸವೆತದ ಮಾತು. ಫೇರ್, ಗುಡ್, ಫೈನ್, ವೆರಿ ಫೈನ್, ಎಕ್ಸ್‌ಟ್ರೀಮ್‌ಲಿ ಫೈನ್ ಎಂದು ಏಣಿ ಹತ್ತುವುದು ಕಷ್ಟವಲ್ಲ. ಸವೆದದ್ದು ಯಾವುದು, ಮೊದಲೇ ಅಚ್ಚು ಸರಿಯಾಗಿ ಬೀಳದದ್ದು ಯಾವುದು ಎಂದು ಹೇಳುವುದು ಕಷ್ಟ. ಡ್ರುಯಿಡ್‌ನ ಗಡ್ಡ ಚಪ್ಪಟೆಯಾಗಿದ್ದರೆ ದೀಪದ ಕೆಳಗೆ ಓರೆಯಾಗಿ ಹಿಡಿದು ತಿರುಗಿಸುತ್ತೇನೆ. ಸವೆತವಾದರೆ ಆ ಜಾಗ ನುಣುಪಾಗಿ, ಸುತ್ತಲಿಗಿಂತ ಬೇರೆ ಬಣ್ಣ ತಳೆದಿರುತ್ತದೆ. ಅಚ್ಚಿನ ಒತ್ತು ಸಾಲದೆ ಹೋಗಿದ್ದರೆ ಬರಿಯ ತಾಮ್ರದ ಬಿಲ್ಲೆಯಲ್ಲಿದ್ದ ಒರಟು ಗೀರುಗಳು ಹಾಗೆಯೇ ಉಳಿದಿರುತ್ತವೆ, ಹೊಳಪೂ ಮುರಿಯದೆ ಮೇಲೆ ಹಾದುಹೋಗಿರುತ್ತದೆ.

ಸವೆತವೇ ಇಲ್ಲದೆಯೂ ಹಾಳಾಗಬಹುದು. ಬರ್ಮಿಂಗ್‌ಹ್ಯಾಮಿನ ಬಳಿಯ ಸೋಹೊ ಟಂಕಸಾಲೆಯಲ್ಲಿ ಮ್ಯಾಥ್ಯೂ ಬೋಲ್ಟನ್ ಉಗಿಯಂತ್ರದಿಂದ ಅಚ್ಚು ಹಾಕಿದ 1797ರ ‘ಬಂಡಿಗಾಲಿ’ ಪೆನ್ನಿ ಒಂದು ಔನ್ಸ್ ತೂಗುತ್ತದೆ, ಎರಡು ಪೆನ್ನಿಯದು ಎರಡು ಔನ್ಸ್. ಕೈಜಾರಿ ಬಿದ್ದರೆ ತನ್ನ ಭಾರಕ್ಕೆ ತಾನೇ ಜಜ್ಜಿಕೊಳ್ಳುತ್ತದೆ. ಅಂಚಿಗೆ ಪೆಟ್ಟಾಗದ್ದು ಸಿಗುವುದೇ ಅಪರೂಪ. ಅದೇ ಟಂಕಸಾಲೆ ಈಸ್ಟ್ ಇಂಡಿಯಾ ಕಂಪನಿಯ ಮದ್ರಾಸ್ ಪ್ರಾಂತಕ್ಕೆ 10 ಮತ್ತು 20 ಕಾಸಿನ ನಾಣ್ಯ ಮಾಡಿಕೊಟ್ಟಿತ್ತು. ಆಗ ಮಂಗಳೂರು, ಬಳ್ಳಾರಿಗಳೂ ಆ ಪ್ರಾಂತದೊಳಗೇ ಇದ್ದವು. 1808ರ ಇಸವಿಯ ಅಂಥ ನಾಣ್ಯಗಳನ್ನು ಹೊತ್ತು ಹೊರಟ ‘ಅಡ್ಮಿರಲ್ ಗಾರ್ಡ್ನರ್’ ಹಡಗು 1809ರ ಜನವರಿಯಲ್ಲಿ ಕೆಂಟ್ ಕರಾವಳಿಯಾಚೆಯ ಗುಡ್ವಿನ್ ಸ್ಯಾಂಡ್ಸ್ ಮರಳದಿಬ್ಬಕ್ಕೆ ಸಿಕ್ಕಿ ಮುಳುಗಿತು. ಎಷ್ಟೋ ಕಾಲದ ಮೇಲೆ ಮೇಲೆತ್ತಿದ ಆ ಕಾಸುಗಳು ಯಾವ ಸಂತೆಯನ್ನೂ ಕಂಡವಲ್ಲ. ಆದರೂ ಎಷ್ಟನ್ನೋ ಉಪ್ಪುನೀರು ತಿಂದಿದೆ. ‘ಸವೆತವಿಲ್ಲ, ಸಮುದ್ರದ ಕೊರೆತವಿದೆ’ ಎಂದು ಎರಡನ್ನೂ ಬಿಡಿಸಿ ಬರೆಯದೆ ಒಂದೇ ಗ್ರೇಡು ಹಾಕಿದರೆ ಕೊಳ್ಳುವವರಿಗೆ ಅನ್ಯಾಯ.

ಊರಿನಿಂದ ಪರಿಚಯದವರು ಆಗಾಗ ಅಜ್ಜನ ಪೆಟ್ಟಿಗೆಯ ನಾಣ್ಯಗಳ ಫೋಟೊ ಕಳಿಸುತ್ತಾರೆ. ಅಷ್ಟರಲ್ಲಿ ಹುಣಸೆಹಣ್ಣು ಹಾಕಿ ಬಿಂದಿಗೆ ಬೆಳಗಿದ ಹಾಗೆ ಉಜ್ಜಿಬಿಟ್ಟಿರುತ್ತಾರೆ. ದಯವಿಟ್ಟು ಬೇಡ. ಇನ್ನೂರು ವರ್ಷ ಕೂತ ಕಂದುಬಣ್ಣ ಒಮ್ಮೆ ಹೋದರೆ ಮತ್ತೆ ಬರುವುದಿಲ್ಲ. ಹಸಿರು ಕಿಲುಬು ಹಿಡಿದಿದ್ದರೂ ಮನೆಯಲ್ಲಿ ಕೆರೆಯಬೇಡಿ, ತೇವವಿಲ್ಲದ ಕಡೆ ಬೇರೆಯಾಗಿ ಇಡಿ. ಫೋಟೊ ಕಳಿಸುವುದಾದರೆ ಎರಡು ಬದಿಯ ಜೊತೆಗೆ ನಾಣ್ಯವನ್ನು ನಿಲ್ಲಿಸಿ, ಸ್ವಲ್ಪಸ್ವಲ್ಪವೇ ಉರುಳಿಸುತ್ತ ಅಂಚಿನದನ್ನೂ ಸುತ್ತ ತೆಗೆಯಿರಿ. ಹರಾಜಿನಲ್ಲಿ ಟೋಕನ್ ಕೊಳ್ಳುವವರೂ ಮಾರುವವರನ್ನು ಅದನ್ನೇ ಕೇಳಿ. ಕೊಡುವುದಿಲ್ಲ ಎಂದರೆ ಆ ಬೆಲೆಗೆ ಕೊಳ್ಳಬೇಡಿ.