ಹೇಳದೇ ಇದ್ದರೂ ಹೇಳಿದ ಹಾಗೆ

14 ಜೂನ್ 2025, ಶನಿವಾರ

ನಿಖಿಲ್ ಬಂದಿದ್ದ. ಹೊರಟಾಗ ಹತ್ತೂವರೆ ಆಗಿತ್ತು. ನಾಳೆಗೆ ಕೊಡಬೇಕಾದ ಕೆಲಸ ಹಾಗೇ ಬಿದ್ದಿದೆ. ಇರಲಿ ಬಿಡಿ.

ಟೆಸ್ಟ್ ಮಾಡಿಸಿಕೊಳ್ಳುತ್ತಾನಂತೆ, ಮಿದುಳನ್ನು ನಿಧಾನವಾಗಿ ಹಾಳು ಮಾಡುವ ಹಂಟಿಂಗ್ಟನ್ ಕಾಯಿಲೆಯದ್ದು. ಅವನ ಅಮ್ಮ ಸುಧಾಳ ಅಪ್ಪನಿಗೆ ಇದೇ ಕಾಯಿಲೆ ಇತ್ತು, ಅವರ ಕೊನೆಯ ವರ್ಷಗಳು ನಿಮಗೆ ನೆನಪಿರಬಹುದು. ಕೈಕಾಲು ತಾವಾಗಿಯೇ ಅಲುಗಾಡುತ್ತಿದ್ದವು. ಆಮೇಲೆ ಮಾತು ಹೋಯಿತು, ಅದಕ್ಕೂ ಮೊದಲೇ ಸಿಟ್ಟು ಬಂದಿತ್ತು. (ತಾಯಿ, ಮಗ ಇಬ್ಬರನ್ನೂ ಕೇಳಿಯೇ ಬರೆಯುತ್ತಿದ್ದೇನೆ. ಹೆಸರುಗಳು ಎಂದಿನಂತೆ ನಿಜವಲ್ಲ.)

ನಾಲ್ಕನೇ ಕ್ರೋಮೋಸೋಮಿನ ಒಂದು ಜೀನಿನಲ್ಲಿ ಸಿ, ಎ, ಜಿ ಅನ್ನುವ ಮೂರಕ್ಷರ ಮತ್ತೆ ಮತ್ತೆ ಬರುತ್ತದೆ. ಹಾಗೆ ಬರುವುದು 26 ಸಲದ ಒಳಗಿದ್ದರೆ ಚಿಂತೆ ಇಲ್ಲ. 40 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಕಾಯಿಲೆ ಬಂದೇ ಬರುತ್ತದೆ, ಹೆಚ್ಚಾಗಿ 30ರಿಂದ 50 ವಯಸ್ಸಿನ ನಡುವೆ. ಅಪ್ಪ ಅಥವಾ ಅಮ್ಮನಿಗೆ ಇದ್ದರೆ ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ. ಗುಣ ಮಾಡುವ ಔಷಧಿ ಇಲ್ಲ.

ಸುಧಾ ಟೆಸ್ಟ್ ಮಾಡಿಸಿಕೊಂಡಿಲ್ಲ, ಮಾಡಿಸಿಕೊಳ್ಳುವುದೂ ಇಲ್ಲ. "ಮಾಡಿಸ್ಕೋ, ನನಗೆ ಮಾತ್ರ ಹೇಳಬೇಡ" ಅಂತ ಮಗನಿಗೆ ಹೇಳಿದ್ದಾಳೆ. ಕೇಳೋಕೆ ಸರಿಯಾಗೇ ಇದೆ, ಅಲ್ವಾ? ನನಗೂ ಹಾಗೇ ಅನ್ನಿಸಿತ್ತು, ನಿಖಿಲ್ ಬಿಡಿಸಿ ಹೇಳುವ ತನಕ.

"ಆಂಟಿ, ನನಗೆ ಇಲ್ಲ ಅಂತ ಬಂದರೆ ಅಮ್ಮನ ಬಗ್ಗೆ ಏನೂ ಗೊತ್ತಾಗಲ್ಲ. ಅವರಿಗೆ ಇದ್ದೂ ನನಗೆ ಬರದೇ ಇರಬಹುದು. ಆದರೆ ನನಗೆ ಇದೆ ಅಂತ ಬಂದರೆ ಅದು ಅಮ್ಮನಿಂದಲೇ ಬಂದಿರಬೇಕು. ಇಬ್ಬರ ರಿಸಲ್ಟೂ ಒಂದೇ ಕಾಗದದಲ್ಲಿ."

"ಹೇಳದೇ ಇದ್ದರಾಯ್ತು."

"ಹೇಗೆ? ಇಲ್ಲ ಅಂತ ಬಂದರೆ ನಾನು ಸುಮ್ನೆ ಇರ್ತೀನಾ? ಕುಣಿದಾಡ್ತೀನಿ. ಸುಮ್ನಿದ್ದೀನಿ ಅಂದ್ರೇನೇ ಗೊತ್ತಾಗುತ್ತೆ."

ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ಮನೆಯಲ್ಲಿ ಲೋಟ ಕೈತಪ್ಪಿ ಬಿದ್ದರೆ ಯಾರೂ ಲೋಟ ನೋಡುವುದಿಲ್ಲ, ಸುಧಾಳ ಬೆರಳು ನೋಡುತ್ತಾರೆ. ಅವಳೂ ಅದನ್ನೇ ನೋಡಿಕೊಳ್ಳುತ್ತಾಳೆ. ಆಮೇಲೆ ಎಲ್ಲರೂ ಒಟ್ಟಿಗೆ ಬೇರೇನೋ ಮಾತಾಡಲು ಶುರು ಮಾಡುತ್ತಾರೆ. ಇಂಥವರ ನಡುವೆ ಅವನು ಮುಖ ಕಾಪಾಡಿಕೊಳ್ಳಬೇಕು, ವರ್ಷಗಟ್ಟಲೆ.

ನಾನು ನಿಖಿಲ್ ಪರ. ಮದುವೆ, ಮಕ್ಕಳು ಅಂತ ಯೋಚಿಸುವ ಹುಡುಗನಿಗೆ ತನ್ನ ದೇಹದ ವಿಷಯ ತಿಳಿಯಬೇಡ ಅನ್ನಲು ಯಾರಿಗೂ ಅಧಿಕಾರ ಇಲ್ಲ. ಆದರೆ "ಅವನ ರಕ್ತ, ಅವನ ಹಕ್ಕು" ಅನ್ನುವವರ ಮೇಲೂ ಸಿಟ್ಟು ಬರುತ್ತಿದೆ. ಆ ರಕ್ತದಲ್ಲಿ ಅರ್ಧ ಸುಧಾಳದ್ದು.

ಅಮೆರಿಕದ ವಿಜ್ಞಾನಿ ನ್ಯಾನ್ಸಿ ವೆಕ್ಸ್ಲರ್ ನೆನಪಾದರು. ಅವರ ಅಮ್ಮನಿಗೆ ಇದೇ ಕಾಯಿಲೆ. ವೆನೆಜುವೆಲಾದ ಮರಕೈಬೊ ಸರೋವರದ ಹಳ್ಳಿಗಳಿಗೆ ವರ್ಷವರ್ಷವೂ ಹೋಗಿ ರಕ್ತ ಸಂಗ್ರಹಿಸಿದರು. ಅದರ ಬಲದಿಂದಲೇ 1983ರಲ್ಲಿ ಜೀನ್ ಯಾವ ಕ್ರೋಮೋಸೋಮಿನಲ್ಲಿದೆ ಅಂತ ತಿಳಿಯಿತು, 1993ರಲ್ಲಿ ಜೀನೇ ಸಿಕ್ಕಿತು. ಅಷ್ಟು ಮಾಡಿದವರು ತಮ್ಮ ವಿಷಯ ಮಾತ್ರ ಬಹಳ ಕಾಲ ಬಹಿರಂಗ ಮಾಡಲಿಲ್ಲ. ತಮಗೂ ಕಾಯಿಲೆ ಇದೆ ಅಂತ ಹೇಳಿಕೊಂಡದ್ದು 2020ರಲ್ಲಿ. ಸುಧಾಳನ್ನು ಹೇಡಿ ಅನ್ನುವವರಿಗೆ ಇದನ್ನು ಓದಿಸಬೇಕು.

ಕಳೆದ ತಿಂಗಳು ಅಮೆರಿಕದ ಫಿಲಡೆಲ್ಫಿಯಾದಲ್ಲಿ ಜೀನ್ ತಿದ್ದುವ ಚಿಕಿತ್ಸೆ ಪಡೆದ ಮಗುವಿನ ಸುದ್ದಿಯನ್ನು ಸುಧಾಗೆ ಎಷ್ಟು ಜನ ಕಳಿಸಿದರೋ! "ನೋಡು, ಜೀನನ್ನೇ ತಿದ್ದಿದ್ದಾರೆ, ಇನ್ನೇನು ಭಯ." ನಿಜ, ದೊಡ್ಡ ಸಾಧನೆಯೇ. ಒಂದೇ ಒಂದು ಮಗುವಿಗಾಗಿ ಆರೇ ತಿಂಗಳಲ್ಲಿ ಔಷಧಿ ತಯಾರಿಸಿದರು. ಆದರೆ ಆ ಮಗುವಿನ ತೊಂದರೆ ಇದ್ದದ್ದು ಲಿವರಿನಲ್ಲಿ. ರಕ್ತಕ್ಕೆ ಬಿಟ್ಟ ಔಷಧಿ ತಾನಾಗಿ ಹೋಗಿ ಸೇರುವ ಜಾಗ ಅದು. ಮಿದುಳು ಹಾಗಲ್ಲ. ಇದನ್ನು ಪ್ರತಿಯೊಬ್ಬರಿಗೂ ವಿವರಿಸುವ ಕೆಲಸವೂ ಅವಳದ್ದೇ.

ತನ್ನ ರಿಸಲ್ಟ್ ತಿಳಿಯದೆಯೇ ಮಕ್ಕಳಿಗೆ ಕಾಯಿಲೆ ಬಾರದ ಹಾಗೆ ಮಾಡುವ ಇನ್ನೊಂದು ದಾರಿ ಇದೆಯಲ್ಲ ಅಂತ ನಾನೇ ತೆಗೆದೆ. ಐವಿಎಫ್ ಮಾಡಿ, ಭ್ರೂಣಗಳನ್ನು ಪರೀಕ್ಷಿಸಿ, ದೋಷ ಇಲ್ಲದ್ದನ್ನು ಮಾತ್ರ ಗರ್ಭಕ್ಕೆ ಸೇರಿಸುವುದು. ದೋಷ ಇರುವ ಭ್ರೂಣ ಸಿಕ್ಕಿತೋ ಇಲ್ಲವೋ ಅಂತ ತಂದೆತಾಯಿಗೆ ಹೇಳುವುದೇ ಇಲ್ಲ.

"ಎಲ್ಲದರಲ್ಲೂ ದೋಷ ಇದ್ದರೆ? ಒಂದನ್ನೂ ಸೇರಿಸದಿದ್ದರೆ ನನಗೆ ಅನುಮಾನ ಬರುತ್ತೆ. ಡಾಕ್ಟರ್ ನಾಟಕ ಮಾಡಬೇಕಾ? ನನಗೇನೂ ಇಲ್ಲದೇ ಇದ್ದರೂ ಹೆಂಡತಿಯಾಗಿ ಬರೋಳಿಗೆ ಐವಿಎಫ್ ಇಂಜೆಕ್ಷನ್ ಕೊಡ್ತಾನೇ ಇರಬೇಕಾ?" ಈ ಹುಡುಗ ನನಗಿಂತ ಜಾಸ್ತಿ ಓದಿಕೊಂಡು ಬಂದಿದ್ದ.

ಮತ್ತೆ ಹಾಗೇ ನಗಾಡಿದ. "ತಾತನ ಕಾಲಕ್ಕೆ ಇದೆಲ್ಲಾ ಇದ್ದಿದ್ರೆ ತಾತನೇ ಇರ್ತಿರಲಿಲ್ಲ, ಆಂಟಿ." ನನಗೆ ನಗು ಬರಲಿಲ್ಲ. ನಲವತ್ತು ದಾಟುವ ತನಕ ಆ ಮನುಷ್ಯ ಎಷ್ಟು ಚೆನ್ನಾಗಿ ಬದುಕಿದ್ದರು!

ಮೊದಲು ಕೌನ್ಸೆಲಿಂಗ್, ಆಮೇಲೆ ರಕ್ತ. ರಿಸಲ್ಟ್ ಬಂದ ಮೇಲೂ ಬೇಡ ಅಂತ ಎದ್ದು ಬರಬಹುದಂತೆ. ಜೊತೆಗೆ ಒಬ್ಬರನ್ನು ಕರೆತನ್ನಿ ಅಂದಿದ್ದಾರೆ. ನೀವು ಬರ್ತೀರಾ ಅಂದ. ಹೂಂ ಅಂದುಬಿಟ್ಟೆ.

ಸುಧಾ, ನೀನು ಇದನ್ನು ಓದುತ್ತೀ ಅಂತ ಗೊತ್ತು. ಆ ದಿನದ ನಂತರ ಸ್ವಲ್ಪ ಕಾಲ ವಿಡಿಯೊ ಕಾಲ್ ಬೇಡ, ಬರೀ ಮೆಸೇಜ್ ಮಾಡೋಣ. ಆದರೆ ಹಾಗೆ ಅಂದರೂ ನೀನು